ಮಳೆ ಬೀಳದ ಮಗ್ಗುಲು

ಪಾಂಡುರಂಗ ಬಡಿಸಿಟ್ಟ ಅನ್ನ ತಟ್ಟೆಯಲ್ಲೇ ಆರುತ್ತಿತ್ತು. ಹೇಮಲತಾ ಲ್ಯಾಪ್‌ಟಾಪಿನಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಲ್ಯಾಪ್‌ಟಾಪಿಗೆ ಓಡಾಡುತ್ತಿದ್ದಳು. ಅಹಮದಾಬಾದಿನ ಭಾನುವಾರದ ಮಧ್ಯಾಹ್ನ. ಕೆಳಗೆ ರಸ್ತೆ ಬಿಸಿಲಿಗೆ ಬಿಕೋ ಎನ್ನುತ್ತಿತ್ತು.

ಉಪಗ್ರಹ ಕಳಿಸುವ ಮೋಡದ ಚಿತ್ರಗಳನ್ನು ಓದುವುದು ಅವಳ ಕೆಲಸ. ಮಗಳು ಅರ್ಚಿತಾ ಗೆಳತಿಯರೊಂದಿಗೆ ಹಿಂದೂ ಮಹಾಸಾಗರದಲ್ಲಿ ಫ್ರಾನ್ಸಿಗೆ ಸೇರಿದ ರೀಯೂನಿಯನ್ ದ್ವೀಪಕ್ಕೆ ಹೊರಟಾಗ ಹೇಮಲತಾಳೇ ಹೇಳಿಕೊಟ್ಟಿದ್ದಳು: ಕಡಲ ಗಾಳಿ ಪೂರ್ವದಿಂದ ಬಂದು ಬೆಟ್ಟಕ್ಕೆ ಬಡಿಯುತ್ತದೆ, ಮೇಲೇರುತ್ತ ತಣ್ಣಗಾಗಿ ಅಲ್ಲೇ ಮಳೆ ಸುರಿಸುತ್ತದೆ, ಆಚೆ ಇಳಿಯುವ ಹೊತ್ತಿಗೆ ಒಣಗಿರುತ್ತದೆ. "ಪಶ್ಚಿಮದ ಕಡೆಯೇ ತಿರುಗಾಡಿ, ನೆನೆಯಲ್ಲ." ಆ ಮಾತು ನಂಬಿ ಹುಡುಗಿಯರು ಇವತ್ತು ಪಶ್ಚಿಮದ ಬತ್ತಿದ ಹೊಳೆಯೊಂದರ ಕಮರಿಯಲ್ಲಿ ನಡೆಯಲು ಹೋಗಿದ್ದರು.

ಆದರೆ ಬೆಳಗಿನಿಂದ ಅಲ್ಲಿ ಗಾಳಿ ಬಿದ್ದುಹೋಗಿತ್ತು. ಗಾಳಿಯ ನೂಕು ಇಲ್ಲದಾಗ ಬಿಸಿಲಿಗೆ ಕಾದ ಬೆಟ್ಟವೇ ಸುತ್ತಲಿನ ತೇವದ ಗಾಳಿಯನ್ನು ಮೇಲಕ್ಕೆ ಸೆಳೆಯುತ್ತದೆ. ಆಗ ಒಣ ಮಗ್ಗುಲೆಂಬ ಭರವಸೆ ಇಲ್ಲ. ಅದನ್ನು ಮಗಳಿಗೆ ಹೇಳಿರಲಿಲ್ಲ. ಪರದೆಯ ಮೇಲೆ ಪಶ್ಚಿಮದ ಇಳಿಜಾರಿನ ಮೋಡದ ಬಿಳಿ ಚುಕ್ಕೆಯೊಂದು ಚಿತ್ರದಿಂದ ಚಿತ್ರಕ್ಕೆ ಉಬ್ಬುತ್ತಿತ್ತು. ಅದು ಮೇಲೆಲ್ಲೋ ಸುರಿದರೂ ನೀರೆಲ್ಲ ಕೆಳಗಿನ ಕಮರಿಗೇ ನುಗ್ಗುತ್ತದೆ.

"ಫೋನೇ ಹೋಗ್ತಿಲ್ಲ ರೀ."

"ಕಮರೀಲಿ ಸಿಗ್ನಲ್ ಇರಲ್ಲ," ಎಂದ ಪಾಂಡುರಂಗ. "ಅಲ್ಲಿ ಮಳೆ ಬರಲ್ಲ ಅಂತ ನೀನೇ ಹೇಳಿದ್ಯಲ್ಲ?"

"ಹೇಳಿದ್ದೆ. ಅದಕ್ಕೇ ಹೆದರಿಕೆ."

ಹುಡುಗಿಯರು ಇಳಿದುಕೊಂಡಿದ್ದ ಮನೆಯ ನಂಬರು ಹುಡುಕಿ ಮಾಡಿದಳು. ಎತ್ತಿದ ಮುದುಕರಿಗೆ ಫ್ರೆಂಚ್ ಬಿಟ್ಟು ಬೇರೆ ಬಾರದು. ಇವಳ ಇಂಗ್ಲಿಷ್ ಅವರಿಗೆ ಹತ್ತಲಿಲ್ಲ. ಈ ಮುದುಕರೇ ಮನೆಯ ಯಜಮಾನ ಇಸ್ಮಾಯಿಲ್ ಭಾಯ್, ಅವರ ತಾತ ಸೂರತ್ತಿನವರು ಎಂದು ಅರ್ಚಿತಾ ಅಂದದ್ದು ತಟ್ಟನೆ ಹೊಳೆಯಿತು. ತರಕಾರಿ ಕೊಳ್ಳಲಷ್ಟೇ ಬಳಸುತ್ತಿದ್ದ ಗುಜರಾತಿಯಲ್ಲಿ ಹೇಮಲತಾ ಕೂಗಿದಳು: "ಛೋಕ್ರಿಓನೇ ನದೀಮಾಂಥೀ ಬಹಾರ್ ಕಾಢೋ! ಪಾಣೀ ಆವೇ ಛೇ!" ಹುಡುಗಿಯರನ್ನು ಹೊಳೆಯಿಂದ ಹೊರಗೆ ಕರೆತನ್ನಿ, ನೀರು ಬರ್ತಿದೆ ಎಂದು.

 ಅತ್ತ ಎಷ್ಟೋ ಕಾಲದಿಂದ ಬಾಯಿಗೆ ಬಾರದ ಭಾಷೆಯನ್ನು ತಡಕುವ ದನಿ: "ನದೀ? ಪಾಣೀ? ಹಾ... ಜಾಉ ಛು, ಬೆನ್." ಹೊರಟೆ ಎಂದರು. ಫೋನು ಕಟ್ಟಾಯಿತು.

ಮುಂದಿನ ಹೊತ್ತು ಹೇಗೆ ಸರಿಯಿತೋ. ಒಗೆದು ಒಣಗಿದ್ದ ಬಟ್ಟೆ ಮಡಚಿದಳು, ಕೊಡವಿ ಮತ್ತೆ ಮಡಚಿದಳು. ಪಾಂಡುರಂಗನೂ ಊಟ ಬಿಟ್ಟು ಪರದೆಯ ಮುಂದೆ ಕೂತ. ಚುಕ್ಕೆ ಈಗ ಅರ್ಧ ಬೆಟ್ಟವನ್ನು ನುಂಗಿತ್ತು.

ಕೊನೆಗೂ ಅರ್ಚಿತಾಳ ಫೋನು ಬಂತು. ಏದುಸಿರು, ಸಿಟ್ಟು, ಅಳು ಎಲ್ಲ ಕಲಸಿಕೊಂಡ ದನಿ.

"ಮಮ್ಮಿ, ಇಸ್ಮಾಯಿಲ್ ಅಂಕಲ್ ಮೇಲಿಂದ ಹಾರ್ನ್ ಮೇಲೆ ಹಾರ್ನ್! ನಾವು ಹತ್ತಿ ಬಂದ್ವಿ, ಪೀಛೇ ಸೇ ಪಾನಿ... ಹಿಂದೇನೇ ಕಂದು ನೀರು, ಇಡೀ ಮರಗಳು. ನಮ್ಮ ಮೇಲೆ ಒಂದು ಹನೀನೂ ಬಿದ್ದಿಲ್ಲ! ಡ್ರೈ ಸೈಡ್ ಅಂದಿದ್ಯಲ್ಲಾ ನೀನು?"

"ಅರ್ಧ ಮಾತ್ರ ಹೇಳಿದ್ದೆ ಕಣೇ," ಎಂದಳು ಹೇಮಲತಾ. ನೆಲದ ಮೇಲೇ ಕೂತಳು. "ಎಲ್ಲರೂ ಇದ್ದೀರಾ?"

"ಇದ್ದೀವಿ. ನಾಳೆ ಎಲ್ಲಿಗೆ ಹೋಗೋದು?"

ಪಾಂಡುರಂಗ ಹೆಂಡತಿಯ ಮುಖ ನೋಡಿದ. ಅವಳೆಂದಳು: "ನಾಳೆ ಬೆಳಗ್ಗೆ ಎದ್ದು ಗಾಳಿ ಬೀಸ್ತಿದ್ಯಾ ನೋಡು. ನೋಡಿ ನಂಗೆ ಫೋನ್ ಮಾಡು. ಆಮೇಲೆ ಹೇಳ್ತೀನಿ."