ಹೊರಗಿನವರ ದರ

ಶುಗ್ ಡೆವ್ಲಿನ್ ಲಕೋಟೆಯಿಂದ ನೋಟುಗಳನ್ನು ತೆಗೆದು, ಅಂಚು ಸರಿಮಾಡಿ, ಕಿಟಕಿಯ ಕಟ್ಟೆಯ ಮೇಲಿಟ್ಟ. ಗೂಡಿನೊಳಗೆ ಕೂತಿದ್ದ ಸೆಂಗಾ ಅದನ್ನು ಮುಟ್ಟಲಿಲ್ಲ. ಬಾಲ್ಗಾರ್ವಿ ಊರಿನ ಗಾಲ್ಫ್ ಮೈದಾನದಲ್ಲಿ ಯಾರ ಸರದಿ ಯಾವಾಗ ಎಂದು ಕೂಗಿ ಹೇಳುವವಳು ಅವಳೇ. ಅಮೆರಿಕದ ಕೋಟ್ಯಧಿಪತಿಗಳನ್ನೂ ‘ಅಲ್ಲೇ ನಿಲ್ಲಿ’ ಎಂದು ಗದರಿಸಿ ನಿಲ್ಲಿಸಿದ ಹೆಂಗಸು. ಅಂಥವಳು ಇವತ್ತು ಶುಗ್‌ನ ಮುಖ ನೋಡಲಾರದೆ ಅವನ ಪಕ್ಕದಲ್ಲಿದ್ದ ವಾಟಿ ರೆನ್ನಿಯ ಮುಖ ನೋಡಿದಳು.

"ಏನು, ಖೋಟಾ ನೋಟು ಅಂದ್ಕೊಂಡ್ಯಾ?" ಎಂದ ಶುಗ್. "ಗ್ಲಾಸ್ಗೋದವ್ರ ದುಡ್ಡು ಅಂದ್ರೆ ನಿಮ್ಮೂರೋರು ಬಿಸಿಲಿಗೆ ಹಿಡಿದು ನೋಡ್ತೀರಿ, ಗೊತ್ತು ನಂಗೆ."

"ಹಿಡಿಯೋಣ ಅಂದ್ರೆ ಬಿಸಿಲೆಲ್ಲಿದೆ ಇಲ್ಲಿ?" ಎಂದಳು ಸೆಂಗಾ. ಆದರೆ ಅವಳ ದನಿಯಲ್ಲಿ ಎಂದಿನ ಚುರುಕು ಇರಲಿಲ್ಲ. "ಆಟದ ದರ ಏರಿದೆ ಶುಗ್. ಏಪ್ರಿಲ್‌ನಿಂದ."

"ಏರೋದು ಇದ್ದದ್ದೇ. ಅದಕ್ಕೇ ಹೋದ ವರ್ಷಕ್ಕಿಂತ ಇಪ್ಪತ್ತು ಪೌಂಡ್ ಜಾಸ್ತಿನೇ ಇಟ್ಟಿದೀನಿ, ಎಣಿಸ್ಕೋ."

"ಮುನ್ನೂರ ನಲವತ್ತು."

ಶುಗ್ ನಕ್ಕ. ಜೊತೆಗೆ ಯಾರೂ ನಗದಿದ್ದುದನ್ನು ಕಂಡು ನಿಲ್ಲಿಸಿದ. ಕಟ್ಟೆಯ ಮೇಲೆ ಅವನಿಟ್ಟಿದ್ದುದು ಅದಕ್ಕಿಂತ ನೂರು ಪೌಂಡಿಗೂ ಮೀರಿ ಕಡಿಮೆಯಿತ್ತು.

ಈ ಗಳಿಗೆಗಾಗಿಯೇ ವಾಟಿ ವಾರದಿಂದ ಒಂದು ಮಾತನ್ನು ತಿದ್ದಿ ತೀಡಿ ಇಟ್ಟುಕೊಂಡಿದ್ದ. ಹಗುರವಾಗಿ, ಏನೂ ಆಗಿಲ್ಲವೆಂಬಂತೆ ಹೇಳಬೇಕೆಂದಿದ್ದ. ಈಗ ಅದು ಅವಸರದಲ್ಲಿ ಬಾಯಿಂದ ಉದುರಿತು. "ಅವನನ್ನ ನನ್ನ ಅತಿಥಿ ಅಂತ ಬರ್ಕೊಳ್ಳೇ ಸೆಂಗಾ. ಸದಸ್ಯರ ಅತಿಥಿಗೆ ನಲವತ್ತೇ ಅಲ್ವಾ. ನಾನೇ ಕೊಡ್ತೀನಿ, ಮುಗೀತು."

ಶುಗ್ ನಿಧಾನವಾಗಿ ಇವನ ಕಡೆ ತಿರುಗಿದ.

ವಾಟಿ ರೆನ್ನಿ ಆ ಊರಿನ ಬೇಕರಿಯವನು. ಒಲೆ ಆರಿಸಿ ಅಂಗಡಿ ಮಾರಿ ವರ್ಷಗಳಾಗಿದ್ದರೂ ಊರಿಗೆ ಅವನು ಬೇಕರಿ ವಾಟಿಯೇ. ಕ್ಲಬ್ಬಿನ ಸದಸ್ಯತ್ವ ಅವನಿಗೆ ಅಪ್ಪನಿಂದ ಬಂದದ್ದು. ಕಮಿಟಿಯ ಕುರ್ಚಿ ಬೇರೆ ಯಾರೂ ಒಪ್ಪದ್ದರಿಂದ ಬಂದದ್ದು. ಫೆಬ್ರವರಿಯ ಸಭೆಯಲ್ಲಿ ಬಟ್ಟೆ ಬದಲಿಸುವ ಕೋಣೆಯ ಚಾವಣಿಯ ಮಾತು ಬಂತು. ಸೋರುವ ಚಾವಣಿಗೆ ದುಡ್ಡು ಬೇಕು, ಸದಸ್ಯರ ಚಂದಾ ಏರಿಸಿದರೆ ಗಲಾಟೆಯಾಗುತ್ತದೆ, ಹೊರಗಿನವರ ದರ ಏರಿಸಿದರೆ ಯಾರೂ ಕೇಳುವುದಿಲ್ಲ. "ಏರಿಸಿದಷ್ಟೂ ಬರ್ತಾರೆ ಕಣ್ರಪ್ಪ. ಅಗ್ಗ ಆದ್ರೇನೇ ಅವ್ರಿಗೆ ಅನುಮಾನ" ಎಂದ ಕ್ಲಬ್ಬಿನ ಕ್ಯಾಪ್ಟನ್. ಎಲ್ಲರೂ ನಕ್ಕರು, ಎಲ್ಲರೂ ಕೈ ಎತ್ತಿದರು. ಗುಂಪಿನಲ್ಲಿ ಗೋವಿಂದ ಎಂದು ವಾಟಿಯೂ ಎತ್ತಿದ. ತನ್ನ ಚಂದಾ ಒಂದು ಪೆನ್ನಿಯೂ ಏರದ ಖುಷಿಯಲ್ಲಿ ಮನೆಗೆ ಬಂದು, ಬೇಳೆ ಸೂಪಿನ ಮುಂದೆ ಕೂತು ಹೆಂಡತಿಗೆ ಸುದ್ದಿ ಹೇಳಿದ.

ನೆಟ್ಟಿ ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಕೇಳಿದಳು: "ಶುಗ್?"

"ಶುಗ್‌ಗೇನಾಯ್ತು?"

"ಅಲ್ಲ, ಅವನು ಹೊರಗಿನವನಲ್ವಾ?"

ವಾಟಿಗೆ ಅದು ನಿಜಕ್ಕೂ ಹೊಳೆದಿರಲಿಲ್ಲ. ಬೇಕೆಂದೇ ಮರೆತದ್ದಾಗಿದ್ದರೆ ಅವನಿಗೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲವೇನೋ. ಹೊರಗಿನವರು ಎಂದರೆ ಅವನ ಕಣ್ಣಿಗೆ ಬರುತ್ತಿದ್ದವರು ಹೆಲಿಕಾಪ್ಟರಿನಿಂದ ಇಳಿಯುವವರು, ಕ್ಲಬ್ಬಿನ ಹೆಸರಿರುವ ಸ್ವೆಟರನ್ನು ಡಜನ್‌ಗಟ್ಟಲೆ ಕಟ್ಟಿಸಿಕೊಂಡು ಹೋಗುವವರು. ಶುಗ್ ಇಪ್ಪತ್ತು ವರ್ಷಗಳಿಂದ ಪ್ರತಿ ಜೂನ್‌ನಲ್ಲಿ ಅವನ ಅಡುಗೆಮನೆಯಲ್ಲಿ ಕೂತು, ಕೇಳದೆಯೇ ಬ್ರೆಡ್ಡಿನ ಡಬ್ಬಿ ತೆಗೆಯುವ ಮನುಷ್ಯ. ಮೊದಲ ವರ್ಷ ಒಂಟಿಯಾಗಿ ಬಂದಿದ್ದ ಈ ಬಸ್ ಡ್ರೈವರನನ್ನು ಅವತ್ತು ಒಂಟಿಯಾಗಿದ್ದ ವಾಟಿಯ ಜೊತೆ ಆಡಲು ಕಳಿಸಿದ್ದರು. ಆಟ ಮುಗಿಯುವ ಹೊತ್ತಿಗೆ ಇಬ್ಬರೂ ಮೂರು ಸಲ ಜಗಳವಾಡಿ, ಸೋತವನು ಮೀನು ಕೊಡಿಸಬೇಕೆಂದು ಒಪ್ಪಂದ ಮಾಡಿಕೊಂಡು, ಬಂದರಿನ ಕಟ್ಟೆಯ ಮೇಲೆ ಕೂತು ತಿಂದಿದ್ದರು. ಅಂದಿನಿಂದ ಅದು ಪದ್ಧತಿ.

"ಫೋನ್ ಮಾಡಿ ಹೇಳ್ಬಿಡು" ಎಂದಿದ್ದಳು ನೆಟ್ಟಿ. "ದೊಡ್ಡ ಮನುಷ್ಯ ಆಗೋಕೆ ಕೈ ಎತ್ತಿದ್ದಾಯ್ತಲ್ಲ, ಈಗ ಅದೇ ಕೈಯಲ್ಲಿ ಫೋನ್ ಎತ್ತು."

ವಾಟಿ ಎತ್ತಲಿಲ್ಲ. ಇವತ್ತು ನಾಳೆ ಎನ್ನುತ್ತ ಜೂನ್ ಬಂತು. ಅತಿಥಿ ಎಂದು ಬರೆಸಿಬಿಟ್ಟರೆ ಹಾವೂ ಸಾಯದೆ ಕೋಲೂ ಮುರಿಯದೆ ಕೆಲಸ ಆಗುತ್ತದೆಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಎರಡನೆಯ ವರ್ಷವೇ ಒಮ್ಮೆ ಹಾಗೆ ಕರೆದಿದ್ದನೆಂಬುದನ್ನೂ, ಶುಗ್ ಅದಕ್ಕೆ ಏನೆಂದಿದ್ದನೆಂಬುದನ್ನೂ ನೆನಪಿಸಿಕೊಳ್ಳಲು ಅವನಿಗೆ ಮನಸ್ಸಿರಲಿಲ್ಲ.

ಶುಗ್ ಈಗ ಅದನ್ನೇ ಅಂದ. "ನಾನು ಬಿಟ್ಟಿ ಆಡೋಕೆ ಬಂದೋನಲ್ಲ ವಾಟಿ. ನಿಂಗೆ ಗೊತ್ತು. ಹೊಸ ವರ್ಷದಿಂದ ಶನಿವಾರದ ಬಿಯರ್ ಬಿಟ್ಟು ಈ ದುಡ್ಡು ಕೂಡಿಡ್ತೀನಿ. ನನ್ನ ದುಡ್ಡಲ್ಲಿ ಆಡಿದ್ರೆ ಚೆಂಡು ಸಮುದ್ರಕ್ಕೆ ಹೋದ್ರೂ ನಂದೇ. ನಿನ್ನ ದುಡ್ಡಲ್ಲಿ ಹೊಡೆದ್ರೆ ಪ್ರತಿ ಸಲನೂ ನಿನ್ನ ಮುಖ ನೋಡ್ಬೇಕು."

"ನನ್ನ ಮುಖಕ್ಕೇನಾಗಿದೆ?"

"ಅದು ಬೇರೆ ಕಥೆ."

ಮಾತು ತಿಳಿಯಾಯಿತೆಂದುಕೊಂಡ ಸೆಂಗಾ, ಪಾಪ, ಅಲ್ಲಿಗೇ ಬಿಡಬಹುದಿತ್ತು. "ಬೈಯೋದಿದ್ರೆ ಅವನನ್ನೇ ಬೈಯಿ ಶುಗ್" ಎಂದಳು ನಗುತ್ತ. "ಕಮಿಟಿಯವ್ರು ತಾನೇ ದರ ಏರಿಸಿದ್ದು. ಒಬ್ಬನೂ ಬೇಡ ಅನ್ಲಿಲ್ವಂತೆ."

ಗೂಡಿನ ಹೊರಗೆ ಗಾಳಿ ಬಾವುಟವನ್ನು ಬಡಿಯುತ್ತಿತ್ತು. ಶುಗ್ ನೋಟುಗಳನ್ನು ಒಂದೊಂದಾಗಿ ಲಕೋಟೆಗೆ ಸೇರಿಸಿದ. ಮುಖದಲ್ಲಿ ಸಿಟ್ಟೇನೂ ಕಾಣಲಿಲ್ಲ.

"ನೀನೂ ಕೈ ಎತ್ತಿದ್ಯಾ?"

"ಎತ್ತಿದೆ" ಎಂದ ವಾಟಿ. "ಆದ್ರೆ ನಿನ್ನ ಮೇಲೆ ಅಲ್ಲ ಮಾರಾಯ. ನೀನು ನೆನಪೇ ಆಗ್ಲಿಲ್ಲ."

ಅವನು ಹೇಳಬಯಸಿದ್ದು, ನಿನ್ನನ್ನು ಹೊರಗಿನವರ ಲೆಕ್ಕಕ್ಕೆ ನಾನು ಸೇರಿಸಿಯೇ ಇರಲಿಲ್ಲ, ನೀನು ನಮ್ಮವನು ಎಂದು. ಬಾಯಿಂದ ಬಂದದ್ದು ಮಾತ್ರ ಇಷ್ಟೇ. ತಿದ್ದಲು ಹೋದರೆ ಇನ್ನಷ್ಟು ಕೆಡುತ್ತದೆಂದು ಅವನಿಗೆ ಗೊತ್ತಿತ್ತು.

"ಸರಿ" ಎಂದ ಶುಗ್. ಲಕೋಟೆಯನ್ನು ಒಳಜೇಬಿಗೆ ಇಳಿಸಿದ. ತನ್ನ ಚೀಲವನ್ನು ಗೂಡಿನ ಗೋಡೆಗೆ ಒರಗಿಸಿ, "ಇದನ್ನ ಸ್ವಲ್ಪ ನೋಡ್ಕೊಳ್ಳೇ ಸೆಂಗಾ" ಎಂದ. ಆಮೇಲೆ ಬಗ್ಗಿ ವಾಟಿಯ ಚೀಲದ ಪಟ್ಟಿಯನ್ನು ಭುಜಕ್ಕೇರಿಸಿಕೊಂಡ. "ಚೀಲ ಹೊರೋ ಕ್ಯಾಡಿಗೆ ನಿಮ್ಮಲ್ಲಿ ದರ ಇಲ್ವಲ್ಲ? ನಡಿ, ನಿನ್ನ ಸರದಿ ಬಂತು."

"ಏಯ್, ಹುಚ್ಚಾ, ಕೆಳಗಿಡು ಅದನ್ನ."

"ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಅಂತೀಯೇನೋ, ಅಂದ್ಕೋ. ಅಷ್ಟು ದೂರದಿಂದ ಎರಡು ಬಸ್ ಬದಲಿಸಿ ಬಂದಿದೀನಿ. ಹುಲ್ಲಾದ್ರೂ ತುಳಿದು ಹೋಗ್ತೀನಿ."

ಸೆಂಗಾ ವಾಟಿಯ ಹೆಸರು ಕೂಗಿದಳು. ಹಿಂದೆ ಜಪಾನಿನ ನಾಲ್ವರು ಕಾಯುತ್ತ ನಿಂತಿದ್ದರು. ವಾದ ಮಾಡಲು ಹೊತ್ತಿರಲಿಲ್ಲ. ವಾಟಿ ಹೊಡೆದ, ಚೆಂಡು ನೆಟ್ಟಗೆ ಹೋಯಿತು, ಇಬ್ಬರೂ ನಡೆದರು.

ಆಶ್ಚರ್ಯವೆಂದರೆ ಆಟ ಚೆನ್ನಾಗಿಯೇ ಸಾಗಿತು. ಚೆಂಡನ್ನು ಗುಳಿಗೆ ಮುಟ್ಟಿಸುವ ಹದಿನೆಂಟು ಹೋಲ್‌ಗಳಲ್ಲಿ ಮೊದಲೆರಡು ಮುಗಿಯುವವರೆಗೆ ವಾಟಿಗೆ ಮೈಯೆಲ್ಲ ಮುಳ್ಳು. ಮೂರನೆಯದರಲ್ಲಿ ಶುಗ್ ಎಂದಿನಂತೆ ಬೈಯತೊಡಗಿದ ಮೇಲೆ ಸ್ವಲ್ಪ ಹಗುರವಾಯಿತು. "ಹಿಟ್ಟು ನಾದೋ ಹಾಗೆ ಹೊಡೀಬೇಡ್ವೋ. ಬೇಕರಿ ಮುಚ್ಚಿ ಎಷ್ಟು ವರ್ಷ ಆಯ್ತು!" ಎಂದ. ಗಾಳಿ ಎತ್ತಣಿಂದ ಬೀಸುತ್ತಿದೆಯೆಂದು ಮೂಗಿನಲ್ಲೇ ನೋಡಿ, ಯಾವ ಕೋಲು ಬೇಕೋ ಅದನ್ನು ತೆಗೆದುಕೊಟ್ಟ. ವಾಟಿ ಬೇರೆ ಕೋಲು ಕೇಳಿದಾಗ ಕೊಡಲೇ ಇಲ್ಲ. ಎದುರಾಳಿಯಾಗಿ ಇಪ್ಪತ್ತು ವರ್ಷ ಅವನ ಆಟದ ಕೆಡುಕನ್ನೇ ನೋಡಿದ್ದವನು ಈಗ ಅದನ್ನೆಲ್ಲ ಅವನ ಪರವಾಗಿ ಬಳಸಿದ. ವಾಟಿ ಹತ್ತು ವರ್ಷಗಳಲ್ಲಿ ಆಡದಷ್ಟು ಚೆನ್ನಾಗಿ ಆಡಿದ. ನಡುನಡುವೆ ಎಲ್ಲವೂ ಸರಿಹೋಯಿತೆಂದೇ ಅವನಿಗನ್ನಿಸಿತು.

ಮೈದಾನದ ತುತ್ತತುದಿಯಲ್ಲಿ ಸಮುದ್ರಕ್ಕೆ ಅಂಟಿಕೊಂಡಂತೆ, ಹೊಡೆಯಬೇಕಾದ ದೂರ ಕಡಿಮೆಯಿರುವ ಒಂದು ಹೋಲ್ ಇದೆ. ಅಲ್ಲಿಂದ ಕ್ಲಬ್ಬಿನ ಕಟ್ಟಡ ಕಾಣುವುದಿಲ್ಲ. ಹಿಂದಿನವರು ಇನ್ನೂ ಮರಳುಗುಂಡಿಗಳಲ್ಲಿ ಒದ್ದಾಡುತ್ತಿದ್ದರು. ವಾಟಿ ಜೇಬಿನಿಂದ ಇನ್ನೊಂದು ಚೆಂಡು ತೆಗೆದು ಹುಲ್ಲಿನ ಮೇಲಿಟ್ಟ.

"ಒಂದು ಹೊಡಿ. ಯಾರೂ ನೋಡ್ತಿಲ್ಲ."

ಶುಗ್ ಚೆಂಡನ್ನು ನೋಡಿದ. ಎದುರು ಗುಳಿಯಲ್ಲಿದ್ದ ಬಾವುಟವನ್ನು ನೋಡಿದ. ಕೈ ತಾನಾಗಿ ಚೀಲದೊಳಗೆ ಹೋಗಿ ಒಂದು ಕೋಲನ್ನು ಹಿಡಿಯಿತು. ಹಿಡಿಯ ಮೇಲೆ ಬೆರಳುಗಳು ಒಂದೊಂದಾಗಿ ತಮ್ಮ ಜಾಗ ಹುಡುಕಿ ಕೂತವು. ಅಷ್ಟು ಹೊತ್ತು ಏನನ್ನೂ ತೋರಗೊಡದಿದ್ದ ಅವನ ಮುಖದಲ್ಲಿ ಈಗ ಆಸೆ ಎಷ್ಟು ಬಯಲಾಗಿ ಕಂಡಿತೆಂದರೆ ವಾಟಿ ಬೇರೆ ಕಡೆ ನೋಡಬೇಕಾಯಿತು.

"ಕಮಿಟಿಯವ್ರು ನೋಡಿದ್ರೆ?" ಎಂದ ಶುಗ್.

"ನಾನೇ ಕಮಿಟಿ ಕಣೋ!"

"ಅದಕ್ಕೇ."

ಅವನು ಕೋಲಿನ ತಲೆಯನ್ನು ಟವೆಲ್ಲಿನಿಂದ ಒರೆಸಿದ. ಅದಕ್ಕೆ ಮಣ್ಣೇನೂ ಹತ್ತಿರಲಿಲ್ಲ. ಚೀಲಕ್ಕೆ ಇಳಿಸಿ, ಬಗ್ಗಿ ಚೆಂಡೆತ್ತಿ ವಾಟಿಯ ಕೈಗೆ ಕೊಟ್ಟ. ಅಲ್ಲಿಂದಾಚೆಗೆ ಬೈಗುಳ ಕಡಿಮೆಯಾಯಿತು. ಗಾಳಿ ಎದುರಾಗಿ, ಮಾತು ಕೇಳದಂತಾದದ್ದೂ ಒಂದು ನೆಪವಾಯಿತು.

ಕೊನೆಯ ಹೋಲ್ ಊರಿನ ಬೀದಿಯ ಅಂಚಿಗೇ ಬಂದು ಮುಗಿಯುತ್ತದೆ. ಬೇಲಿಯ ಆಚೆ ಯಾರೋ ಒಬ್ಬರಿಬ್ಬರು ಐಸ್‌ಕ್ರೀಮ್ ತಿನ್ನುತ್ತ ನಿಂತಿದ್ದರು. ವಾಟಿಯ ಚೆಂಡು ಗುಳಿಯಿಂದ ದೂರವಿತ್ತು. ಶುಗ್ ಮಂಡಿಯೂರಿ ನೆಲದ ಇಳಿಜಾರು ನೋಡಿ, ಬೆರಳಿನಿಂದ ಒಂದು ಹುಲ್ಲಿನ ಎಸಳು ತೋರಿಸಿದ. "ಅದರ ಮೇಲೆ. ಮೆಲ್ಲಗೆ. ಮೊಟ್ಟೆ ಉರುಳಿಸೋ ಹಾಗೆ." ವಾಟಿ ಹಾಗೆಯೇ ಉರುಳಿಸಿದ. ಚೆಂಡು ಎಸಳಿನ ಮೇಲೆ ಹಾದು, ತಿರುಗಿ, ಗುಳಿಯೊಳಗೆ ಬಿತ್ತು. ಬೇಲಿಯವರು ಚಪ್ಪಾಳೆ ತಟ್ಟಿದರು.

ಆಟ ಮುಗಿದಾಗ ಟೋಪಿ ತೆಗೆದು ಕೈ ಕುಲುಕುವುದು ಆ ಮೈದಾನದ ರೂಢಿ. ಸೋತವನೂ ಗೆದ್ದವನೂ ಮೊದಲು ಅಷ್ಟು ಮಾಡಿ ಆಮೇಲೆ ಬೇಕಾದರೆ ಜಗಳವಾಡುತ್ತಾರೆ. ವಾಟಿ ಟೋಪಿ ತೆಗೆದ. ಖುಷಿಯಿಂದ ಅವನ ಕಣ್ಣು ಒದ್ದೆಯಾಗಿತ್ತು. "ನೀನಿಲ್ದಿದ್ರೆ ಇದು ಆಗ್ತಿರ್ಲಿಲ್ಲ ಮಾರಾಯ" ಎನ್ನುತ್ತ ಕೈ ಚಾಚಿದ.

ಶುಗ್ ಬಾವುಟವನ್ನು ಗುಳಿಗೆ ಸಿಕ್ಕಿಸಿದ. ಕೋಲು ಒರೆಸಿ ಚೀಲಕ್ಕಿಟ್ಟ, ಚೀಲವನ್ನು ವಾಟಿಯ ಕಾಲ ಬಳಿ ನಿಲ್ಲಿಸಿದ. ಟೋಪಿ ತೆಗೆಯಲಿಲ್ಲ. ಅವನೂ ಕೈ ಚಾಚಿದ, ಅಂಗೈ ಮೇಲೆ ಮಾಡಿ.

ವಾಟಿ ನಕ್ಕ. "ಕೂಲಿ ಕೇಳ್ತೀಯೇನೋ ಕಳ್ಳ?"

"ಹದಿನೆಂಟು ಹೋಲ್ ಹೊತ್ತಿದೀನಿ."

"ನಡಿ, ನಡಿ. ಮೀನು ಕೊಡಿಸ್ತೀನಿ. ನೆಟ್ಟಿ ಸೂಪ್ ಮಾಡಿ ಕಾಯ್ತಿದ್ದಾಳೆ."

ಅಂಗೈ ಅಲ್ಲೇ ಇತ್ತು. ಅಲುಗಲಿಲ್ಲ, ಒತ್ತಾಯವನ್ನೂ ಮಾಡಲಿಲ್ಲ. ಇವನು ತಮಾಷೆ ಮಾಡುತ್ತಿಲ್ಲವೆಂದು ವಾಟಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಬೇಲಿಯವರು ನೋಡುತ್ತಿದ್ದರು. ವಾಟಿ ಪರ್ಸ್ ತೆಗೆದು ಒಳಗಿದ್ದ ನೋಟುಗಳನ್ನೆಲ್ಲ, ಅತಿಥಿ ದರಕ್ಕೆಂದು ಇಟ್ಟುಕೊಂಡಿದ್ದುದನ್ನೂ ಮೀನಿಗೆಂದು ಇಟ್ಟುಕೊಂಡಿದ್ದುದನ್ನೂ, ಆ ಅಂಗೈ ಮೇಲಿಟ್ಟ. ಇಡುವಾಗ ತಾಗಿದ ಶುಗ್‌ನ ಬೆರಳು ತಣ್ಣಗಿತ್ತು.

ಶುಗ್ ಎಣಿಸಲಿಲ್ಲ. ಮಡಿಸಿ ಜೇಬಿಗಿಟ್ಟು, ಟೋಪಿಯ ಅಂಚನ್ನು ಎರಡು ಬೆರಳಿನಿಂದ ಮುಟ್ಟಿದ.

"ಥ್ಯಾಂಕ್ ಯೂ, ಸರ್" ಎಂದ.

ಗೂಡಿನ ಗೋಡೆಗೆ ಒರಗಿಸಿದ್ದ ತನ್ನ ಚೀಲವನ್ನು ಹೆಗಲಿಗೇರಿಸಿಕೊಂಡು ಅವನು ಬಸ್ ನಿಲ್ದಾಣದ ಕಡೆ ಹೊರಟ. ಊರವರು ಸಮುದ್ರಕ್ಕೆ ಹೋಗಿಬರುವ ಕಾಲುದಾರಿ ಅಲ್ಲಿ ಮೊದಲ ಹೋಲನ್ನು ಅಡ್ಡ ಹಾಯುತ್ತದೆ. ಆಟ ಶುರು ಮಾಡಲು ಹೊಸದಾಗಿ ಬಂದಿದ್ದವನೊಬ್ಬ ಕೋಲೆತ್ತಿ ನಿಂತಿದ್ದ. ಚೀಲದವನನ್ನು ಕಂಡು, ದಾಟಿಹೋಗಲಿ ಎಂದು ಸೌಜನ್ಯದಿಂದ ಕೈ ಬೀಸಿದ.

ಶುಗ್ ದಾಟಲಿಲ್ಲ. ದಾರಿಯ ಅಂಚಿನಲ್ಲಿ ಚೀಲ ಇಳಿಸಿ, ಕದಲದೆ ನಿಂತ. ಕೋಲೆತ್ತಿ ನಿಂತಿದ್ದವನು ಹೊಡೆದ. ಚೆಂಡು ಮೇಲೇರಿ, ಗಾಳಿಗೆ ಸ್ವಲ್ಪ ಬಾಗಿ, ದೂರದ ಹುಲ್ಲಿನಲ್ಲಿ ಬಿದ್ದು ನಿಲ್ಲುವವರೆಗೂ ಶುಗ್ ಅದನ್ನೇ ನೋಡುತ್ತಿದ್ದ. ಆಮೇಲೆ ಚೀಲ ಎತ್ತಿಕೊಂಡು ದಾಟಿದ. ವಾಟಿ ಇನ್ನೂ ಟೋಪಿ ಹಾಕಿಕೊಂಡಿರಲಿಲ್ಲ.