ಮೇಡಂ ಅಂದ ನಾಲಿಗೆ

“ಏಳೇ ಬೋಸುಡಿ! ಜ್ವರ ಅಂತೆ ಜ್ವರ! ಉಣ್ಣಾಗ ಬರಂಗಿಲ್ಲೇನು ಜ್ವರ?”

ಗಂಗಾಧರಪ್ಪ ಗೌಡ ಬಾರಕೋಲಿನ ಹಿಡಿಯಿಂದ ನನ್ನ ತಮ್ಮನ ಹೆಂಡತಿ ಗುತ್ಯಮ್ಮನ ಪಕ್ಕೆಗೆ ತಿವಿದ. ಅವಳು ಕಣದಲ್ಲಿ ಹುಲ್ಲಿನ ಮೇಲೆ ಬಿದ್ದಿದ್ದಳು. ಮೈ ಸುಡುತ್ತಿತ್ತು. ನಾನು ಎತ್ತು ಹೊಡೆಯುತ್ತಿದ್ದೆ. ಅದು ತೊಂಬತ್ತೆಂಟರ ಸುಗ್ಗಿ. ನಮ್ಮ ಕೇರಿಯ ಗುಡಿಸಲೆಲ್ಲ ಗೌಡನ ಜಾಗದಲ್ಲಿದ್ದವು. ಸುಗ್ಗಿ ಮುಗಿಯುವ ಮುಂಚೆ ಕಣ ಬಿಟ್ಟವರಿಗೆ ಗುಡಿಸಲು ಉಳಿಯುತ್ತಿರಲಿಲ್ಲ.

ಆ ಹೊತ್ತಿಗೆ ಬಸ್ಸಿಳಿದು ಗುತ್ಯಮ್ಮನ ಮಗಳು ಯಶೋಧರಾ ಬಂದಳು. ಬೆಂಗಳೂರಿನ ದೊಡ್ಡ ಕಂಪ್ಯೂಟರ್ ಕಂಪನಿಯಲ್ಲಿ ಇಂಜಿನಿಯರ್. ತಾಯಿಗೆ ಹುಷಾರಿಲ್ಲ ಎಂದು ನಾನೇ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿಸಿದ್ದೆ. ಚಪ್ಪಲಿಯನ್ನು ಕಣದ ಹೊರಗೆ ಬಿಟ್ಟು ಒಳಗೆ ಬಂದಳು.

“ದೊಡ್ಡಪ್ಪಾ, ಅವ್ವನ್ನ ಎತ್ತು. ಶಿಕಾರಿಪುರದ ಆಸ್ಪತ್ರಿಗೆ ಹೋಗಾನ.”

“ಯಾರ್ನ ಕೇಳಿ ಎತ್ತಾದು?” ಅಂದ ಗೌಡ. “ಕಂಪ್ಯೂಟರ್ ಒರ್ಸಾಕಿ ನೀನು. ಬಂದೀಯಲ್ಲ, ನಿಮ್ಮವ್ವನ ಕೆಲ್ಸ ನೀನೇ ಮಾಡು.”

ಕಣದ ಅಂಚಿಗೆ ಹಾಕಿದ್ದ ಮಂಚದ ಮೇಲೆ ಚಹಾ ಕುಡಿಯುತ್ತಿದ್ದ ಗೌಡನ ಮಗ ಚನ್ನೇಶ್ ತಲೆ ಎತ್ತಿದ. ಅವನದೂ ಅದೇ ಕಂಪನಿ, ರಜೆಗೆ ಬಂದಿದ್ದ. ಅವಳು ತನ್ನೂರಿನವಳೆಂದು ಅವನಿಗೆ ತಿಳಿದಿರಲಿಲ್ಲ. ಚಿಕ್ಕಂದಿನಿಂದ ದಾವಣಗೆರೆಯಲ್ಲಿ ಓದಿದವನು, ನಮ್ಮ ಕೇರಿಯ ಕಡೆ ತಲೆ ಹಾಕಿದವನಲ್ಲ. ದಡಕ್ಕನೆ ಎದ್ದು ನಿಂತ. ಚಹಾ ಅಂಗಿ ಮೇಲೆಲ್ಲ ಚೆಲ್ಲಿತು.

“ಮೇಡಂ! ನೀವಾ? ಬರ್ರಿ, ಕುಂದ್ರಿ.”

ಕಣ ಗುಡಿಸುತ್ತಿದ್ದ ಸಣ್ಣಬೀರಪ್ಪ ತಡೆಯಲಾರದೆ ನಕ್ಕುಬಿಟ್ಟ. ಬಾರಕೋಲು ಅವನ ಬಾಯಿಗೇ ಬಿತ್ತು. ಹಲ್ಲು ಭತ್ತದೊಳಗೆ ಉದುರಿತು.

“ಯಾರ್ಲೇ ಮೇಡಂ?” ಗೌಡ ಮಗನ ಕಡೆ ತಿರುಗಿದ.

“ಅಲ್ಲಿ ಇವ್ರ ಕೈಕೆಳಗೇ ಅಪ್ಪಾ ನಾನು ಕೆಲ್ಸ ಮಾಡಾದು.”

ಗೌಡ ಹೊರಗೆ ಹೋಗಿ ಅವಳ ಚಪ್ಪಲಿ ತಂದ. ರಾಶಿ ಮಾಡುವ ಜಾಗಕ್ಕೆ ಚಪ್ಪಲಿ ತಂದದ್ದನ್ನು ನಾನು ಕಂಡದ್ದು ಅದೊಂದೇ ಸಲ. ಮಗನ ಕೈಗೆ ತುರುಕಿದ.

“ಹೊಡಿ. ಹೊಡೀದಿದ್ರೆ ನೀ ನನಗೆ ಹುಟ್ಟಿಲ್ಲ.”

ಚನ್ನೇಶ್ ಅವಳ ಕೆನ್ನೆಗೆ ಹೊಡೆದ. “ಸಾರಿ ಮೇಡಂ, ತಪ್ಪು ತಿಳ್ಕಬ್ಯಾಡ್ರಿ.”

“ರೀ ಅಂತಾನೆ ಸೂಳೆಮಗ! ಲೇ ಅಂದು ಹೊಡಿಯೋ!”

ಎರಡನೆಯ ಏಟಿಗೆ ತುಟಿ ಒಡೆಯಿತು. ‘ಲೇ’ ಅನ್ನಲು ಮಾತ್ರ ಅವನ ನಾಲಿಗೆ ಹೊರಳಲಿಲ್ಲ. ಯಶೋಧರಾ ಹಿಂದೆ ಸರಿಯಲಿಲ್ಲ. ರಕ್ತ ಉಗಿದು ನನ್ನನ್ನು ನೋಡಿದಳು.

“ದೊಡ್ಡಪ್ಪಾ, ಅವ್ವನ್ನ ಎತ್ತು ಅಂದ್ನಲ್ಲ.”

ಗೌಡ ಅವಳ ಮೇಲೆ ಬಾರಕೋಲು ಬೀಸಿದ. ನಾನು ಅದನ್ನು ಗಾಳಿಯಲ್ಲೇ ಹಿಡಿದೆ. ಕಿತ್ತುಕೊಂಡು, ಎತ್ತಿಗೆ ಎಂದೂ ಹೊಡೆಯದ ಹಾಗೆ ಅವನಿಗೆ ಹೊಡೆದೆ. ಮುಖಕ್ಕೆ, ಮೊಣಕಾಲಿಗೆ, ಬಿದ್ದ ಮೇಲೆ ಬೆನ್ನಿಗೆ. ಕೋಲು ಮುರಿಯಿತು. ಬಿಡಿಸಲು ಯಾರೂ ಬರಲಿಲ್ಲ. ಮಗನೂ ಬರಲಿಲ್ಲ, ಊರೊಳಕ್ಕೆ ಓಡಿದ.

ಗುತ್ಯಮ್ಮನನ್ನು ಗೌಡನ ಮಂಚದ ಮೇಲೆ ಮಲಗಿಸಿ ಹೊತ್ತೆವು. ಸಣ್ಣಬೀರಪ್ಪ, ಅವನ ಹೆಂಡತಿ, ಯಶೋಧರಾ, ನಾನು. ರಸ್ತೆಗೆ ಬರುವಷ್ಟರಲ್ಲಿ ಊರಿನ ಗಂಡಸರು ದೊಣ್ಣೆ ಹಿಡಿದು ಎದುರಾದರು.

ಮೇಲಿನಿಂದ ಗುತ್ಯಮ್ಮನ ದನಿ ಬಂತು. “ಇಳಿಸ್ರಪ್ಪಾ, ಗೌಡ್ರ ಮಂಚ ಇದು.”

ನಾವು ಇಳಿಸಲಿಲ್ಲ. ಮೊದಲ ಕಲ್ಲು ನನ್ನ ಭುಜಕ್ಕೆ ಬಿತ್ತು. ಮಂಚ ವಾಲಿತು. ಇನ್ನೊಂದು ಭುಜಕ್ಕೆ ಬದಲಾಯಿಸಿಕೊಂಡೆ.