ಬಣ್ಣದ ಶೆಡ್ಡಿನವರ ಉಚ್ಚೆ

"ಏನೇ, ಹೊಟ್ಟೇಲಿ ಕೆರೆ ಕಟ್ಟಿಸಿದೀಯಾ? ಈಗ ತಾನೆ ಹೋಗಿ ಬಂದ್ಯಲ್ಲೇ, ಮುಂಡೆ," ಎಂದು ಮೇಸ್ತ್ರಿ ಕೂಗಿದಾಗ ದೊಡ್ಡಕ್ಕ ಹಸಿರು ತೊಟ್ಟಿಯಿಂದ ನೂಲಿನ ಲಡಿಯನ್ನು ಕೋಲಿಗೆ ಸುತ್ತಿ ಮೇಲೆತ್ತುತ್ತಿದ್ದಳು. ಕುದಿಯುವ ಬಣ್ಣದ ಹಬೆ ಮುಖಕ್ಕೆ ರಾಚುತ್ತಿತ್ತು. ಲಡಿಯನ್ನು ಹಿಂಡಿ ಕಂಬಿಗೆ ಹಾಕಿ ಅವಳು ನಿಧಾನಕ್ಕೆ ತಿರುಗಿದಳು.

"ಕೆರೆ ಕಟ್ಟಿಸಿದ್ರೆ ಮೊದ್ಲು ನಿಮ್ಮನ್ನೇ ತಳ್ಳಿ ಆಳ ನೋಡ್ತಿದ್ದೆ, ಮೇಸ್ತ್ರಿ. ಉಚ್ಚೆ ಬಂದಿದೆ, ಹೋಗ್ತೀನಿ. ಇಲ್ಲೇ ತೊಟ್ಟಿಗೆ ಬಿಡು ಅಂದ್ರೆ ಅದಕ್ಕೂ ಸೈ. ಬಣ್ಣ ಇನ್ನೂ ಗಟ್ಟಿಯಾಗಿ ಹಿಡಿಯುತ್ತೆ."

ಶೆಡ್ಡಿಗೆ ಶೆಡ್ಡೇ ನಕ್ಕಿತು. ಮೇಸ್ತ್ರಿ ಹಲ್ಲು ಕಡಿದು ಆಚೆ ಹೋದ. ದೊಡ್ಡಕ್ಕ ಆ ಶೆಡ್ಡಿನಲ್ಲಿ ಎಲ್ಲರಿಗಿಂತ ಹಳಬಳು. ಗಂಡ ಸತ್ತ ಮೇಲೆ ಮಗನನ್ನು ಸಾಕಿದ್ದು ಇದೇ ತೊಟ್ಟಿಗಳ ಮುಂದೆ. ಮಗ ಲಾರಿ ಓಡಿಸಿಕೊಂಡು ಊರೂರು ತಿರುಗುತ್ತಾನೆ, ಸೊಸೆ ಅತ್ತೆಯ ಪಕ್ಕದ ತೊಟ್ಟಿಯಲ್ಲೇ ಕೆಲಸಕ್ಕಿದ್ದಾಳೆ. ಅತ್ತೆಗೆ ಎಷ್ಟು ಬಾಯೋ ಸೊಸೆಗೆ ಅಷ್ಟೇ ಮೌನ.

ತಗಡಿನ ಮರೆಯಲ್ಲಿ ಕೂತ ದೊಡ್ಡಕ್ಕ ಕಾಲ ಕೆಳಗೆ ನೋಡಿಕೊಂಡಳು. ಮತ್ತೆ ಕೆಂಪು. ತಿಂಗಳುಗಟ್ಟಲೆ ಹೀಗೇ ಇತ್ತು. ಬಣ್ಣದ ಶೆಡ್ಡಿನವರು ಕೆಮ್ಮಿದರೆ ಹಳದಿ, ಸೀನಿದರೆ ನೀಲಿ. ಕೆಂಪು ತೊಟ್ಟಿಯಲ್ಲಿ ದುಡಿದವಳ ಉಚ್ಚೆ ಕೆಂಪಾದರೆ ಏನು ಮಹಾ ಅಂತ ಸುಮ್ಮನಿದ್ದಳು. ನೋವೂ ಇರಲಿಲ್ಲ. ಆದರೆ ಅವಳನ್ನು ಹಸಿರು ತೊಟ್ಟಿಗೆ ಹಾಕಿ ಬಹಳ ದಿನವಾಗಿತ್ತು. ಇವತ್ತಂತೂ ಕೆಂಪಿನ ನಡುವೆ ಒಂದು ಕಪ್ಪು ಹೆಪ್ಪು ಬಿದ್ದಿತ್ತು.

"ಬಾರೇ ಇಲ್ಲಿ," ಎಂದು ಸೊಸೆಯನ್ನು ಕರೆದಳು.

ಸೊಸೆ ಬಗ್ಗಿ ನೋಡಿದಳು. "ಅತ್ತೆ, ಮುಟ್ಟಾ?"

"ಮುಟ್ಟು ನಿಂತು ಯಾವ ಕಾಲ ಆಯ್ತೇ. ಅದೇನು ಮುನಿಸಿಕೊಂಡು ಹೋದ ನೆಂಟನಾ, ಮತ್ತೆ ಮನೆ ಹುಡುಕ್ಕೊಂಡು ಬರೋಕೆ?"

ಸೊಸೆ ನಗಲಿಲ್ಲ. ಅತ್ತೆಯ ಕೈ ಹಿಡಿದು ನೇರ ಧಣಿಯ ಕೋಣೆಗೆ ಎಳೆದುಕೊಂಡು ಹೋದಳು. ಶೆಡ್ಡಿನ ಡಾಕ್ಟರು ಅವತ್ತು ಬಂದಿದ್ದ. ಧಣಿಯ ಎದುರಿಗೆ ಫ್ಯಾನಿನ ಕೆಳಗೆ ಕೂತು ಕಾಫಿ ಕುಡಿಯುತ್ತಿದ್ದ. ಇವರಿಬ್ಬರ ಮೈಯಿಂದ ನೀರು ತೊಟ್ಟಿಕ್ಕುವುದನ್ನು ಕಂಡು ಧಣಿ, "ಹೊಸಲು ದಾಟಬೇಡಿ, ನೆಲ ಹಾಳಾಗತ್ತೆ," ಎಂದ. ಅಲ್ಲಿಂದಲೇ ಸೊಸೆ ಹೇಳಿದಳು.

ಡಾಕ್ಟರು ಎದ್ದು ಬರಲಿಲ್ಲ. "ಬಣ್ಣ ಕೈಯಿಂದ ಬಾಯಿಗೆ ಹೋಗಿರತ್ತೆ. ಈ ಜನಕ್ಕೆ ಕೈ ತೊಳ್ಕೊಂಡು ತಿನ್ನೋ ಅಭ್ಯಾಸ ಎಲ್ಲಿದೆ," ಎಂದು ಎರಡು ಬಿಳಿ ಮಾತ್ರೆ ಚೀಟಿಯಲ್ಲಿ ಸುತ್ತಿ ಮೇಜಿನ ಅಂಚಿಗೆ ತಳ್ಳಿದ.

"ಊರೆಲ್ಲ ಹೇಳ್ಕೊಂಡು ತಿರುಗಬೇಡ," ಎಂದ ಧಣಿ. "ಮರ್ಯಾದಸ್ಥ ಹೆಂಗಸು ಆಡೋ ಮಾತಲ್ಲ ಇದು."

"ನನಗೆ ಮರ್ಯಾದೆ ಯಾವಾಗ ಬಂತು, ಧಣಿ? ಬೆಳಿಗ್ಗೆ ಮೇಸ್ತ್ರಿ ಮುಂಡೆ ಅಂದಾಗ ಇರ್ಲಿಲ್ಲ," ಎಂದಳು ದೊಡ್ಡಕ್ಕ.

ಬಾಗಿಲಾಚೆ ಮೇಸ್ತ್ರಿ ಕಾಯುತ್ತಿದ್ದ. ನಾಳೆ ದೊಡ್ಡಾಸ್ಪತ್ರೆಗೆ ಹೋಗ್ತೀವಿ ಎಂದು ಸೊಸೆ ಅಂದಾಗ, "ಹೋದ್ರೆ ಇಬ್ರೂ ಹಂಗೇ ಹೋಗ್ಬಿಡಿ, ಈ ಕಡೆ ಮುಖ ಹಾಕಬೇಡಿ," ಎಂದ.

"ನಾವು ಬರದಿದ್ರೆ ನಿನ್ನ ತೊಟ್ಟಿಗೆ ನಿಮ್ಮಪ್ಪ ಇಳೀತಾನೇನೋ, ಬೋಳಿಮಗನೆ," ಎಂದಳು ಸೊಸೆ.

ದೊಡ್ಡಕ್ಕ ಬಾಯಿ ಬಿಟ್ಟುಕೊಂಡು ನಿಂತಳು. ಮದುವೆಯಾಗಿ ಬಂದಾಗಿನಿಂದ ಈ ಹುಡುಗಿಯ ಗಂಟಲು ಇಷ್ಟು ಏರಿದ್ದನ್ನು ಅವಳು ಕೇಳಿರಲಿಲ್ಲ. ಮನೆಗೆ ಹೋಗುವ ದಾರಿಯುದ್ದಕ್ಕೂ ಅದನ್ನೇ ನೆನೆದು ನಕ್ಕಳು. "ಇನ್ನೊಂದ್ಸಲ ಬಯ್ಯೇ, ಕಿವಿ ತುಂಬಾ ಕೇಳ್ಬೇಕು," ಎಂದು ಪೀಡಿಸಿದಳು.

ದೊಡ್ಡಾಸ್ಪತ್ರೆಯಲ್ಲಿ ಬಾಟಲಿ ಕೊಟ್ಟು ತುಂಬಿಸಿಕೊಂಡು ಬಾ ಎಂದರು. ಡಾಕ್ಟರಮ್ಮ ಸಣ್ಣ ವಯಸ್ಸಿನವಳು. ಬಾಟಲಿಯನ್ನು ಬೆಳಕಿಗೆ ಹಿಡಿದು, "ನೋವಿದೆಯಾ ಅಮ್ಮ?" ಎಂದಳು. ಇಲ್ಲ ಅಂತಾಯಿತು. "ಕೆಲಸ ಎಲ್ಲಿ?" ಬಣ್ಣದ ಶೆಡ್ಡು ಅಂತಾಯಿತು. ಡಾಕ್ಟರಮ್ಮ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ನೋವಿಲ್ದೆ ರಕ್ತ ಬಂದ್ರೆ ನಾವು ಇನ್ನೂ ಹುಷಾರಾಗಿ ನೋಡ್ತೀವಿ."

"ಇದು ಬೇರೆಯವ್ರಿಗೂ ಆಗತ್ತಾ, ಇಲ್ಲ ನಾನೊಬ್ಳೇ ಪಾಪಿನಾ?"

"ದಿನಾ ಬರ್ತಾರಮ್ಮ. ಎಷ್ಟೋ ಜನಕ್ಕೆ ಮಾತ್ರೇಲೇ ವಾಸಿಯಾಗತ್ತೆ. ಕೆಲವ್ರಿಗೆ ಕಲ್ಲಿರತ್ತೆ. ಕೆಲವ್ರನ್ನ ಆಸ್ಪತ್ರೆಗೆ ಸೇರಿಸ್ಕೋಬೇಕಾಗತ್ತೆ. ಯಾರಿಗೆ ಯಾವ್ದು ಅಂತ ಒಳಗೆ ನೋಡದೆ ಹೇಳಕ್ಕಾಗಲ್ಲ. ಬಣ್ಣದ ಕೆಲಸದವ್ರನ್ನಂತೂ ನೋಡದೆ ಕಳ್ಸೋ ಹಂಗೇ ಇಲ್ಲ."

ನೋಡಿದರು. ಮೂತ್ರಚೀಲದ ಒಳಗೆ ಕಾಳಿನಷ್ಟು ಗಡ್ಡೆ ಸಿಕ್ಕಿತು. ಕೊಳವೆ ತೂರಿಸಿ ಅದನ್ನು ಕೆರೆದು ತೆಗೆದರು. ಬೇಗ ಬಂದಿರಿ, ಆದರೆ ಮೇಲಿಂದ ಮೇಲೆ ಬಂದು ತೋರಿಸಿಕೊಳ್ಳಬೇಕು ಎಂದರು.

ವಾರ್ಡಿನ ಮುಂದಿನ ಪಡಸಾಲೆಯಲ್ಲಿ ದೊಡ್ಡಕ್ಕ ಉಚ್ಚೆಯ ಚೀಲ ಕೈಯಲ್ಲಿ ಹಿಡಿದು ಅಡ್ಡಾಡುವಾಗ ಎದುರಿನಿಂದ ಅಂಥದೇ ಚೀಲ ಹಿಡಿದ ಮುದುಕನೊಬ್ಬ ಬಂದ. ಉಗುರುಗಳು ನೀಲಿ. ಶೆಡ್ಡಿನಲ್ಲಿ ಬಣ್ಣ ಬೆರೆಸುತ್ತಿದ್ದ ನೀಲಿಮಾವ. ಒಂದು ದಿನ ಹೇಳದೆ ಕೇಳದೆ ಮಾಯವಾಗಿದ್ದವನು.

"ನೀನು ಯಾವಳನ್ನೋ ಕಟ್ಕೊಂಡು ಓಡಿಹೋದೆ ಅಂದ ಮೇಸ್ತ್ರಿ," ಎಂದಳು ದೊಡ್ಡಕ್ಕ.

ನೀಲಿಮಾವ ಚೀಲ ಎತ್ತಿ ತೋರಿಸಿದ. "ಕಟ್ಕೊಂಡಿದೀನಲ್ಲ, ಇವಳನ್ನೇ. ಒಂದ್ ಗಳಿಗೆ ಬಿಟ್ಟಿರಲ್ಲ ನನ್ನ."

ಇಬ್ಬರೂ ಹೊಟ್ಟೆ ಹಿಡಿದು ನಕ್ಕರು. ನಗು ನಿಂತ ಮೇಲೆ ಅವನು ಮೆಲ್ಲಗೆ ಹೇಳಿದ, "ನಂದು ತಡ ಆಯ್ತು ಕಣಕ್ಕ. ಗಂಡಸಿಗೆ ಅಲ್ಲಿಂದ ರಕ್ತ ಬಂದ್ರೆ ಜನ ಏನೇನೋ ಕತೆ ಕಟ್ತಾರೆ ಅಂತ ಬಾಯಿ ಹೊಲ್ಕೊಂಡಿದ್ದೆ. ಆ ಬಾಯ್ಲರಿನ ಹಳಬ ಇದ್ನಲ್ಲ, ಅವನೂ ಈಗ ನಾನಿರೋ ಮಂಚದ ಮೇಲೇ ಹೋದ. ಅವನೂ ಯಾರಿಗೂ ಹೇಳಿರ್ಲಿಲ್ಲ."

ಬಿಡುಗಡೆಯಾಗಿ ಮೈಗೆ ಕಸುವು ಬಂದ ಮೇಲೆ ದೊಡ್ಡಕ್ಕ ಶೆಡ್ಡಿಗೆ ಹೋದಳು. ಆಳು ಸಾಲದೆ ಮೇಸ್ತ್ರಿ ಅಷ್ಟರಲ್ಲೇ ಸೊಸೆಯನ್ನು ಮತ್ತೆ ಕರೆಸಿ ಅತ್ತೆಯ ಹಸಿರು ತೊಟ್ಟಿಗೆ ಹಾಕಿದ್ದ. ಊಟದ ಹೊತ್ತು. ಮಗುಚಿಟ್ಟ ಡ್ರಮ್ಮಿನ ಮೇಲೆ ಹತ್ತಿ ನಿಂತಳು.

"ಯಾರ್ಯಾರ ಉಚ್ಚೇಲಿ ರಕ್ತ ಹೋಗ್ತಿದೆ, ಕೈಯೆತ್ತಿ."

ಅಗಿಯುವ ಸದ್ದು ನಿಂತಿತು. "ಥೂ, ಇಳಿಯೇ ನಾಚಿಕೆಗೆಟ್ಟವಳೆ," ಎಂದ ಮೇಸ್ತ್ರಿ.

"ನನಗೆ ಹೋಗ್ತಿತ್ತು. ನೀಲಿಮಾವ ಯಾವಳ ಜೊತೇನೂ ಓಡಿಹೋಗಿಲ್ಲ, ಆಸ್ಪತ್ರೇಲಿ ಬಿದ್ದಿದಾನೆ. ನಾಚಿಕೆ ಅಂತ ಕೂತೋರು ಅವನ ಪಕ್ಕದ ಮಂಚಕ್ಕೇ ಹೋಗ್ತೀರಿ."

ಮೊದಲು ಎದ್ದದ್ದು ಮೂಟೆ ಹೊರುವವನ ಕೈ. ಆನೆಯಂಥ ಆಳು, ನೆಲ ನೋಡಿಕೊಂಡೇ ಎತ್ತಿದ. ಆಮೇಲೆ ಕೆಂಪು ಕೈಯೊಂದು, ಹಳದಿ ಕೈಯೊಂದು, ಮತ್ತೊಂದು ಕೆಂಪು. "ಅಯ್ಯೋ ನಿಂಗೂನಾ?" ಎಂದು ಯಾರೋ ಕೇಳಿದರು, ಯಾರೋ ನಕ್ಕರು. ಕೊನೆಗೆ ತೀರ ಹತ್ತಿರದಲ್ಲಿ ಒಂದು ಹಸಿರು ಕೈ ಎದ್ದಿತು. ಸೊಸೆಯದು.

ದೊಡ್ಡಕ್ಕ ಡ್ರಮ್ಮಿನಿಂದ ಇಳಿದಳು. "ನಂಗ್ಯಾಕೆ ಹೇಳ್ಲಿಲ್ಲವೇ?"

"ಮೊದ್ಲು ನಿಮ್ದು ಆಗ್ಲಿ ಅಂತಿದ್ದೆ, ಅತ್ತೆ."

ದೊಡ್ಡಕ್ಕ ಅವಳ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಗೇಟಿನ ಕಡೆ ಹೊರಟಳು. ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಎದ್ದರು. ಕೈ ಎತ್ತದವರೂ ಎದ್ದರು. ಧಣಿ ಕಾರಿನಿಂದ ಇಳಿದು ಓಡಿ ಬಂದ. "ಬಣ್ಣ ಕುದೀತಾ ಇದೆ, ಲಡಿಯೆಲ್ಲ ಸುಟ್ಟುಹೋಗತ್ತೆ," ಎಂದು ಬಡಕೊಂಡ. "ಡಾಕ್ಟ್ರು ಖಾಲಿ ಇದಾರಲ್ಲ, ಕೋಲು ಹಿಡ್ಸಿ," ಎಂದ ಮೂಟೆ ಹೊರುವವನು.

ಬಣ್ಣಬಣ್ಣದ ಬಟ್ಟೆ, ಬಣ್ಣಬಣ್ಣದ ಕಾಲುಗಳ ಆ ಗುಂಪು ಬೀದಿಯಲ್ಲಿ ನಡೆದರೆ ಅಂಗಡಿಯವರು ಎದ್ದು ನಿಂತು ನೋಡಿದರು. ಆಸ್ಪತ್ರೆಯ ಕಿಟಕಿಯಲ್ಲಿ ಕೂತಿದ್ದ ಗುಮಾಸ್ತ ಗಾಬರಿಯಾಗಿ, "ಏನಿದು ಸಂತೆ? ಒಬ್ಬೊಬ್ರೇ ಬನ್ನಿ," ಎಂದ.

ದೊಡ್ಡಕ್ಕ ಕಿಟಕಿಯ ಕಟ್ಟೆಗೆ ಮೊಣಕೈ ಊರಿದಳು.

"ಒಬ್ಬೊಬ್ರೇ ಬಂದಿದ್ದಕ್ಕೇ ಸ್ವಾಮಿ, ಹಿಂಗಾಗಿದ್ದು. ಬಾಟ್ಲಿ ಎಷ್ಟಿದಾವೆ, ಎಲ್ಲಾ ತೆಗೀರಿ."